ಅಟ್ಟದ ಮೇಲಿನ ಹಳೆಯ ಟಿ.ವಿ. ಮತ್ತು ದೂಷೀವಿಷ

ಒಮ್ಮೆಲೇ ಕೊಲ್ಲದೆ, ದೇಹದಿಂದ ಪೂರ್ತಿಯಾಗಿ ಹೊರಹೋಗದೆ, ಧಾತುಗಳಲ್ಲಿ ವರ್ಷಗಟ್ಟಲೆ ಅಡಗಿದ್ದು ಕ್ರಮೇಣ ಕೆಡಿಸುವ ವಿಷವನ್ನು ಆಯುರ್ವೇದವು ‘ದೂಷೀವಿಷ’ವೆಂದು ಕರೆಯುತ್ತದೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಇದರ ವಿವರಣೆಯಿದೆ. ಭಕ್ತರ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದು ಕುಳಿತ ಹಳೆಯ ಟಿ.ವಿ., ಯುಪಿಎಸ್ ಬ್ಯಾಟರಿಗಳನ್ನು ಕಂಡಾಗ ನಮಗೆ ಈ ಪದವೇ ನೆನಪಾಗುತ್ತದೆ.

ಡಬ್ಬಿಯಾಕಾರದ ಹಳೆಯ ಟಿ.ವಿ.ಯ ಗಾಜಿನಲ್ಲಿ, ಅದು ದೊಡ್ಡದಾದರೆ, ಒಂದು ಕಿಲೋಗೂ ಮಿಗಿಲಾದ ಸೀಸವಿರುತ್ತದೆ. ಯುಪಿಎಸ್ ಬ್ಯಾಟರಿಯಲ್ಲಿ ಸೀಸದ ಫಲಕಗಳೂ ಗಂಧಕಾಮ್ಲವೂ ಇವೆ. ಸಿಎಫ್ಎಲ್ ಬಲ್ಬಿನಲ್ಲಿ ಕೆಲವು ಮಿಲಿಗ್ರಾಂ ಪಾದರಸ. ಅಶುದ್ಧವಾದ ನಾಗ, ಪಾರದಗಳು, ಅಂದರೆ ಸೀಸ, ಪಾದರಸಗಳು, ವಿಷವೆಂದು ನಮ್ಮ ರಸಗ್ರಂಥಗಳೇ ಎಚ್ಚರಿಸಿವೆ. ರಕ್ತದಲ್ಲಿ ಸೀಸದ ಅಪಾಯರಹಿತ ಪ್ರಮಾಣವೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ವಸ್ತುಗಳು ಒಡೆಯದೆ ಇರುವವರೆಗೆ ಭಯವಿಲ್ಲ. ಗುಜರಿಗೆ ಹೋದ ಮೇಲೆ ಕಥೆ ಬೇರೆ. ತಾಮ್ರಕ್ಕಾಗಿ ತಂತಿಗಳನ್ನು ಬಯಲಿನಲ್ಲಿ ಸುಡುತ್ತಾರೆ. ಪ್ಲಾಸ್ಟಿಕ್ ಹೊದಿಕೆ ಉರಿದಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಬ್ಯಾಟರಿ ಒಡೆದು ಆಮ್ಲವನ್ನು ನೆಲಕ್ಕೆ ಚೆಲ್ಲುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಒಣಗಾಳಿಗೆ ಅಲ್ಲಿನ ಧೂಳು ಎಷ್ಟು ದೂರ ಹಾರೀತೆಂಬುದನ್ನು ಓದುಗರಿಗೆ ಹೇಳಬೇಕಿಲ್ಲ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಕಬ್ಬಿಣ, ಸುಣ್ಣದಂಶಗಳ ಕೊರತೆಯಿರುವ ಮಗುವಿಗಂತೂ ಇನ್ನೂ ಹೆಚ್ಚು. ಮೊದಲು ಕುಂದುವುದು ಬುದ್ಧಿಶಕ್ತಿ. ಅದು ಮರಳಿ ಬರುವುದಿಲ್ಲ.

ಸಿಎಫ್ಎಲ್ ಒಡೆದರೆ ಕಿಟಕಿ ತೆರೆದು, ಹತ್ತು ಹದಿನೈದು ನಿಮಿಷ ಎಲ್ಲರೂ ಹೊರಗಿರಬೇಕು. ಪೊರಕೆ ಮುಟ್ಟಬಾರದು. ಚೂರುಗಳನ್ನು ಗಟ್ಟಿ ರಟ್ಟಿನಿಂದ ಒಟ್ಟುಗೂಡಿಸಿ, ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಹಾಕಿ ಮನೆಯ ಹೊರಗಿಡಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೇಡ, ಬೆಂಕಿ ಹತ್ತಿಕೊಳ್ಳುತ್ತದೆ.

ಹೊಸ ಯುಪಿಎಸ್ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಡಿತವೂ ದೊರೆಯುತ್ತದೆ. ಉಳಿದ ಉಪಕರಣಗಳಿಗೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿವೆ. ಅವುಗಳ ಮರುಬಳಕೆಯ ಹೊಣೆ ತಯಾರಕ ಕಂಪನಿಗಳದು. ಆದ್ದರಿಂದ ಕಂಪನಿಯ ಗ್ರಾಹಕ ಸೇವೆಗೆ ಕರೆಮಾಡಿ ಕೇಳಲು ಸಂಕೋಚಪಡಬೇಕಾಗಿಲ್ಲ. ನೋಂದಾಯಿತ ಮರುಬಳಕೆ ಘಟಕಗಳು ಬೆಂಗಳೂರಿನ ಸುತ್ತ ಇವೆ. ದಾಬಸ್‌ಪೇಟೆಯಲ್ಲಿ 2005ರಷ್ಟು ಹಿಂದೆಯೇ ಇಂಥದೊಂದು ಆರಂಭವಾಗಿತ್ತು. ಒಂದು ಮನೆಯ ಒಂದು ಟಿ.ವಿ.ಗಾಗಿ ಅಷ್ಟು ದೂರ ಹೋಗುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಒಂದು ಓಣಿಯವರು ಸೇರಿ ಒಡೆಯದ ಉಪಕರಣಗಳನ್ನು ಮಳೆ ತಾಗದ ಒಂದೆಡೆ ಕೂಡಿಟ್ಟರೆ, ಮೊದಲೇ ಘಟಕದವರೊಡನೆ ಮಾತಾಡಿ, ಬೆಂಗಳೂರಿಗೆ ಖಾಲಿ ಹೋಗುವ ಲಾರಿಯೊಂದರಲ್ಲಿ ಕಳುಹಿಸಬಹುದು.