ಬ್ಯಾಂಕ್ ಇ-ಹರಾಜಿನಲ್ಲಿ ಮನೆ: ಬಿಡ್‌ಗೆ ಮುಂಚೆ, ಬಿಡ್ ಆದಮೇಲೆ

ಸಾಲ ತೀರದ ಮನೆ, ನಿವೇಶನ, ಅಂಗಡಿ ಮಳಿಗೆಗಳನ್ನು ಬ್ಯಾಂಕುಗಳು ಇ-ಹರಾಜಿಗೆ ಇಡುವುದು ಈಗ ಮಾಮೂಲಿ ಸಂಗತಿ. ದಿನಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಕಿಕ್ಕಿರಿದಿರುವ ಆ ಪ್ರಕಟಣೆಗಳನ್ನು ಓದುವವರ ಕಣ್ಣಿಗೆ ಮೊದಲು ಬೀಳುವುದು ಬೆಲೆ. ಅಕ್ಕಪಕ್ಕದ ದರಕ್ಕಿಂತ ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆಸ್ತಿಗೆ ಅಂಟಿಕೊಂಡು ಬರಬಹುದಾದ ಬಾಕಿ, ತಕರಾರು, ಕೋರ್ಟು ಅಲೆದಾಟವೆಲ್ಲ ಕೊಳ್ಳುವವರ ತಲೆಗೇ ಬರುವುದರಿಂದ ಸಿಗುವ ರಿಯಾಯಿತಿ ಅದು. ಆದ್ದರಿಂದ ಈ ವ್ಯವಹಾರದಲ್ಲಿ ಮುಕ್ಕಾಲು ಪಾಲು ಕೆಲಸ ಬಿಡ್ ಹಾಕುವುದಕ್ಕೆ ಮುಂಚೆಯೇ ಮುಗಿದಿರಬೇಕು. ಬಿಡ್ ಗೆದ್ದ ಮೇಲೆ ಕಾನೂನು ಬಿಡುವ ಬಾಗಿಲುಗಳು ಕೆಲವೇ.

ಇಂಥ ಹರಾಜುಗಳಿಗೆ ಆಧಾರ 2002ರ ಸರ್ಫೇಸಿ ಕಾಯ್ದೆ. ಅಡಮಾನದ ಆಸ್ತಿಯನ್ನು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತದೆ ತಾನೇ ವಶಕ್ಕೆ ತೆಗೆದುಕೊಂಡು ಮಾರುವ ಅಧಿಕಾರವನ್ನು ಅದು ಬ್ಯಾಂಕಿಗೆ ಕೊಡುತ್ತದೆ. ಕಂತು 90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಸಾಲಗಾರರಿಗೆ 60 ದಿನಗಳ ನೋಟಿಸ್. ಅವರು ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು. ಆಗಲೂ ಹಣ ಬಾರದಿದ್ದರೆ ಸ್ವಾಧೀನದ ಪ್ರಕಟಣೆ ಹೊರಡುತ್ತದೆ, ಅಂಗೀಕೃತ ಮೌಲ್ಯಮಾಪಕರು ಬೆಲೆ ಅಂದಾಜು ಮಾಡುತ್ತಾರೆ, ಬ್ಯಾಂಕಿನ ಅಧಿಕೃತ ಅಧಿಕಾರಿ ಮೀಸಲು ಬೆಲೆ ಗೊತ್ತುಮಾಡುತ್ತಾರೆ. ಬಳಿಕ ಸಾಲಗಾರರಿಗೆ 30 ದಿನಗಳ ಮಾರಾಟ ನೋಟಿಸ್ ಕೊಟ್ಟು, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಬೇಕು. ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ಮೊದಲ ಸಲ ಮಾರಾಟವಾಗದೆ ಮರುಹರಾಜು ಕರೆದರೆ 15 ದಿನಗಳ ನೋಟಿಸ್ ಸಾಕು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ದಾಖಲೆಯಲ್ಲಿ ಇನ್ನೂ ಪಹಣಿ ಇರುವ ಜಾಗ ಹರಾಜಿಗೆ ಬಂದಿದ್ದರೆ, ಅದು ಭೂಪರಿವರ್ತನೆ ಆಗಿದೆಯೇ ಎಂಬುದನ್ನು ಮೊದಲು ನೋಡಬೇಕು.

ಈ ಹಂತಗಳೆಲ್ಲ ಬ್ಯಾಂಕಿನ ತಲೆನೋವು, ಕೊಳ್ಳುವವರಿಗೇನು ಎನಿಸಬಹುದು. ಆದರೆ ಇವುಗಳಲ್ಲಿ ಒಂದು ತಪ್ಪಿದರೂ ಸಾಲಗಾರರು ಹರಾಜನ್ನೇ ಪ್ರಶ್ನಿಸಬಹುದು. 30 ದಿನಗಳ ನೋಟಿಸ್ ಕಡ್ಡಾಯ, ಅದನ್ನು ಪಾಲಿಸದ ಮಾರಾಟ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಮಾರಾಟ ರದ್ದಾದರೆ ಹಣವೇನೋ ವಾಪಸ್ ಬರುತ್ತದೆ, ಆದರೆ ಅಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ನೋಟಿಸ್ ಯಾವ ದಿನ ತಲುಪಿತು, ಪ್ರಕಟಣೆ ಯಾವ ದಿನ ಬಂತು ಎಂದು ಶಾಖೆಯಲ್ಲಿ ಕೇಳುವುದಕ್ಕೆ ಸಂಕೋಚ ಬೇಕಿಲ್ಲ.

ಸಾರ್ವಜನಿಕ ವಲಯದ ಬ್ಯಾಂಕುಗಳ ಹರಾಜು ಆಸ್ತಿಗಳನ್ನು ಒಂದೇ ಕಡೆ ತೋರಿಸುವ ‘ಬ್ಯಾಂಕ್‌ನೆಟ್’ ಪೋರ್ಟಲ್ 2025ರ ಜನವರಿಯಲ್ಲಿ ಶುರುವಾಯಿತು. ಖಾಸಗಿ ಬ್ಯಾಂಕುಗಳು ಮತ್ತು ಗೃಹಸಾಲ ಕಂಪನಿಗಳು ಬೇರೆ ಬೇರೆ ಹರಾಜು ಸಂಸ್ಥೆಗಳ ಜಾಲತಾಣ ಬಳಸುತ್ತವೆ. ಇಷ್ಟೊಂದು ತಾಣಗಳಿರುವಾಗ ನಕಲಿ ತಾಣ, ನಕಲಿ ಏಜೆಂಟರಿಗೆ ಜಾಗ ಸಿಕ್ಕೇ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತುವ ಬದಲು ಪತ್ರಿಕೆಯ ಪ್ರಕಟಣೆಯಲ್ಲಿರುವ ವಿಳಾಸವನ್ನೇ ಟೈಪ್ ಮಾಡಬೇಕು. ಆಸ್ತಿ ನಿಜಕ್ಕೂ ಹರಾಜಿಗಿದೆಯೇ ಎಂದು ಶಾಖೆಗೆ ಹೋಗಿ ಅಧಿಕೃತ ಅಧಿಕಾರಿಯನ್ನೇ ಕೇಳಬೇಕು. ಮುಂಗಡ ಠೇವಣಿ ಹೋಗಬೇಕಾದದ್ದು ಪೋರ್ಟಲ್‌ನ ವ್ಯಾಲೆಟ್‌ಗೆ ಅಥವಾ ಪ್ರಕಟಣೆಯಲ್ಲಿ ಅಚ್ಚಾದ ಬ್ಯಾಂಕಿನ ಖಾತೆಗೆ. ಯಾರದೋ ಯುಪಿಐ ಸಂಖ್ಯೆ ಕೊಟ್ಟು, ‘ಒಳಗಿನವರ ಪರಿಚಯ ಇದೆ, ಮೀಸಲು ಬೆಲೆಗೇ ಕೊಡಿಸುತ್ತೇನೆ’ ಎನ್ನುವವರು ಮೋಸಗಾರರು ಎಂದೇ ತಿಳಿಯಬಹುದು. ಬಹಿರಂಗ ಹರಾಜಿನಲ್ಲಿ ಹಾಗೆ ಕೊಡಿಸಲು ದಾರಿಯೇ ಇಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲ ಕೆಲವು ಗಂಟೆಗಳಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಪ್ರಕಟಣೆಯ ಒಳಗೆ ಇಳಿಯಬಹುದು. ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು’ ಎಂಬ ಸಾಲು ಎಲ್ಲ ಪ್ರಕಟಣೆಗಳಲ್ಲೂ ಇರುತ್ತದೆ. ಮನೆಯ ಗೋಡೆ ಬಿರುಕುಬಿಟ್ಟಿದ್ದರೆ, ಅಳತೆ ನಾಲ್ಕು ಅಡಿ ಕಡಿಮೆ ಬಂದರೆ, ಕಾರ್ಪೊರೇಷನ್ ತೆರಿಗೆ ಬಾಕಿ ಇದ್ದರೆ ಬ್ಯಾಂಕನ್ನು ಕೇಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಹಾಗೆಂದು ಬ್ಯಾಂಕಿಗೆ ಪೂರ್ತಿ ಮುಕ್ತಿಯೂ ಇಲ್ಲ. ಆಸ್ತಿಯ ಮೇಲೆ ತನಗೆ ತಿಳಿದಿರುವ ಋಣಭಾರಗಳನ್ನು ಮಾರಾಟ ನೋಟಿಸ್‌ನಲ್ಲಿ ಹೇಳಲೇಬೇಕೆಂದು ನಿಯಮವಿದೆ. ಗೊತ್ತಿದ್ದೂ ಮುಚ್ಚಿಟ್ಟಿದೆ ಎಂದು ತೋರಿಸಲು ಸಾಧ್ಯವಾದರೆ, ಮುಂದೆ ಜಗಳ ಬಂದಾಗ ಕೊಳ್ಳುವವರ ಕೈಯಲ್ಲಿರುವ ಗಟ್ಟಿ ವಾದ ಅದೇ. ಹರಿಯಾಣ ಹಣಕಾಸು ನಿಗಮ ಹರಾಜಿಗಿಟ್ಟ ಒಂದು ಕೈಗಾರಿಕಾ ಘಟಕಕ್ಕೆ ಹೋಗಿಬರಲು ಸ್ವಂತ ದಾರಿಯೇ ಇರಲಿಲ್ಲ. ಅದನ್ನು ಮುಂಚಿತವಾಗಿ ತಿಳಿಸದ ನಿಗಮ ಬಿಡ್‌ದಾರರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಪ್ರಕಟಣೆಯಲ್ಲಿ ಬೆಲೆಗಿಂತ ಮುಖ್ಯವಾದ ಇನ್ನೊಂದು ಪದವಿದೆ, ಸ್ವಾಧೀನ. ಅದು ‘ಸಾಂಕೇತಿಕ’ ಎಂದಿದ್ದರೆ ಬ್ಯಾಂಕು ಬಾಗಿಲಿಗೆ ನೋಟಿಸ್ ಅಂಟಿಸಿ ಬಂದಿದೆ ಅಷ್ಟೇ, ಮನೆಯೊಳಗೆ ಹಳೆಯ ಮಾಲೀಕರೋ ಬಾಡಿಗೆದಾರರೋ ಇದ್ದಾರೆ ಎಂದರ್ಥ. ‘ಭೌತಿಕ’ ಎಂದಿದ್ದರೆ ಬೀಗದ ಕೈ ಬ್ಯಾಂಕಿನ ಹತ್ತಿರವಿದೆ. ಒಳಗಿರುವವರನ್ನು ತೆರವುಗೊಳಿಸಲು ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅರ್ಜಿ ಬಂದ 30 ದಿನದೊಳಗೆ, ಹೆಚ್ಚೆಂದರೆ 60 ದಿನದೊಳಗೆ ಆದೇಶವಾಗಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಆದೇಶ ಬಂದ ಮೇಲೂ ಪೊಲೀಸ್ ಬಂದೋಬಸ್ತು, ಬಾಡಿಗೆದಾರರ ತಕರಾರು ಎಂದು ಕಾಲ ಸರಿಯುತ್ತದೆ. ಸಾಂಕೇತಿಕ ಸ್ವಾಧೀನದ ಮನೆಗೆ ಕೈಹಾಕುವವರು ಅಲ್ಲಿ ಗೃಹಪ್ರವೇಶದ ದಿನ ಗೊತ್ತುಮಾಡದಿರುವುದು ಒಳ್ಳೆಯದು. ಮೊದಲ ಸಲ ಹರಾಜಿಗಿಳಿಯುವ ಸಂಬಳದಾರ ಕುಟುಂಬಗಳು ಅಂಥ ಆಸ್ತಿಯ ಗೊಡವೆಗೇ ಹೋಗದಿದ್ದರೆ ಇನ್ನೂ ಒಳ್ಳೆಯದು.

ಆಸ್ತಿ ನೋಡಲು ಪ್ರಕಟಣೆಯಲ್ಲಿ ಒಂದು ದಿನ ಕೊಟ್ಟಿರುತ್ತಾರೆ. ಆ ದಿನ ಗೋಡೆ, ನೆಲ ನೋಡಿ ಹೊರಟುಬರುವವರೇ ಹೆಚ್ಚು. ಮೀಟರ್ ಬೋರ್ಡಿನಲ್ಲಿರುವ ಆರ್‌ಆರ್ ಸಂಖ್ಯೆ ಬರೆದುಕೊಂಡು ಬಂದರೆ ವಿದ್ಯುತ್ ಬಾಕಿ ಎಷ್ಟಿದೆ ಎಂದು ಬೆಸ್ಕಾಂ, ಹೆಸ್ಕಾಂ ಕಚೇರಿಗಳಲ್ಲಿ ತಿಳಿಯುತ್ತದೆ. ಇದು ಸಣ್ಣ ವಿಷಯವೇನಲ್ಲ. ನಿಯಮಾವಳಿಯಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ ಕೇಳಬಹುದು, ಬಾಕಿ ತೀರುವ ತನಕ ಹೊಸ ಸಂಪರ್ಕ ನಿರಾಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ. ಅದು ಕಾರ್ಖಾನೆಯ ಶೆಡ್ ಆಗಿದ್ದರೆ ಆ ಬಾಕಿ ಲಕ್ಷಗಳನ್ನು ದಾಟಿರಬಹುದು. ಅಪಾರ್ಟ್‌ಮೆಂಟ್ ಆದರೆ ಸಂಘದ ಕಾರ್ಯದರ್ಶಿಯನ್ನು ಕಂಡು ನಿರ್ವಹಣಾ ಶುಲ್ಕದ ಬಾಕಿ ಕೇಳಬೇಕು. ಪಕ್ಕದ ಮನೆಯವರೊಂದಿಗೆ ಹತ್ತು ನಿಮಿಷ ಮಾತಾಡಿದರೆ ಅಣ್ಣತಮ್ಮಂದಿರ ಪಾಲಿನ ದಾವೆಯಂಥ, ಯಾವ ಕಾಗದದಲ್ಲೂ ಕಾಣದ ಸುದ್ದಿಗಳು ಹೊರಬರುತ್ತವೆ. ಕಾವೇರಿ ಪೋರ್ಟಲ್‌ನಿಂದ ಋಣಭಾರ ಪ್ರಮಾಣಪತ್ರ (ಇಸಿ), ಸ್ಥಳೀಯ ಸಂಸ್ಥೆಯಿಂದ ಖಾತಾ ತೆಗೆಸುವುದು ಹೇಗೂ ಇದ್ದದ್ದೇ. ಎ ಖಾತಾ, ಬಿ ಖಾತಾ ವ್ಯತ್ಯಾಸ ಹರಾಜಿನಲ್ಲಿ ಕೊಂಡಮಾತ್ರಕ್ಕೆ ಅಳಿಸಿಹೋಗುವುದಿಲ್ಲ. ಬ್ಯಾಂಕಿನ ವಕೀಲರು ಸಾಲ ಕೊಡುವಾಗ ಹಕ್ಕುಪತ್ರ ನೋಡಿರುತ್ತಾರಲ್ಲ ಎಂಬ ನಂಬಿಕೆಯೂ ಬೇಡ. ಅವರು ನೋಡಿದ್ದು ಸಾಲದ ಭದ್ರತೆಗೆ. ಕೊಳ್ಳುವವರು ತಮ್ಮದೇ ವಕೀಲರಿಗೆ ಕೊಡುವ ಕೆಲವು ಸಾವಿರ ರೂಪಾಯಿ ಇಡೀ ವ್ಯವಹಾರದಲ್ಲಿ ಅತ್ಯಂತ ಲಾಭದ ಖರ್ಚು.

ಹಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಮನೆಯೊಂದರ ಮೀಸಲು ಬೆಲೆ 60 ಲಕ್ಷ, ಠೇವಣಿ ಅದರ ಶೇ 10, ಎಂದರೆ 6 ಲಕ್ಷ. ಬಿಡ್ 64 ಲಕ್ಷಕ್ಕೆ ನಿಂತಿತು ಎನ್ನೋಣ. ಬೆಲೆಯ ಶೇ 25, ಅಂದರೆ 16 ಲಕ್ಷವನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಠೇವಣಿ ಕಳೆದು 10 ಲಕ್ಷ ರಾತ್ರೋರಾತ್ರಿ ಸಿದ್ಧವಿರಬೇಕೆಂದಾಯಿತು. ಉಳಿದ 48 ಲಕ್ಷ ಕಟ್ಟಲು ಮಾರಾಟ ದೃಢಪಟ್ಟ ದಿನದಿಂದ 15 ದಿನ. ಬ್ಯಾಂಕು ಬರಹದಲ್ಲಿ ಒಪ್ಪಿದರೆ ಗಡುವು ವಿಸ್ತರಿಸಬಹುದು, ಆದರೆ ಒಟ್ಟು 3 ತಿಂಗಳು ಮೀರುವಂತಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ಕೊಳ್ಳುವವರದೇ. ಯಾರ ಪ್ಯಾನ್ ಸಂಖ್ಯೆಗೆ ಕಟ್ಟಬೇಕೆಂದು ಬ್ಯಾಂಕಿನಿಂದ ಮೊದಲೇ ಬರೆಸಿಕೊಳ್ಳಬೇಕು. ಮುದ್ರಾಂಕ ಶುಲ್ಕ ಬೇರೆ.

ಗೃಹಸಾಲ ನೆಚ್ಚಿಕೊಂಡವರು ಎಡವುವುದು ಆ 15 ದಿನದ ಗಡುವಿನಲ್ಲಿ. 12.27 ಕೋಟಿಗೆ ಬಿಡ್ ಗೆದ್ದು, ಶೇ 25ರಂತೆ 3 ಕೋಟಿಗೂ ಹೆಚ್ಚು ಕಟ್ಟಿ, ಉಳಿದದ್ದನ್ನು ಹೊಂದಿಸಲಾಗದವರೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಟ್ಟಿದ ಅಷ್ಟೂ ಹಣವನ್ನು ಬ್ಯಾಂಕು ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದು 2024ರ ಫೆಬ್ರುವರಿಯಲ್ಲಿ ತೀರ್ಪಾಯಿತು. ನಷ್ಟವಾದಷ್ಟನ್ನೇ ಹಿಡಿದುಕೊಳ್ಳಿ ಎಂಬ ಸಾಮಾನ್ಯ ಕರಾರು ಕಾಯ್ದೆಯ ತತ್ವ ಇಲ್ಲಿ ನಡೆಯುವುದಿಲ್ಲ. ಕೆಳಗಿನ ನ್ಯಾಯಮಂಡಳಿ, ಹೈಕೋರ್ಟುಗಳ ಕನಿಕರವೂ ಕೊನೆಗೆ ನಿಲ್ಲಲಿಲ್ಲ. ನಿಯಮ ಕಠಿಣವಾಯಿತು ಎನಿಸಿದರೂ ಅದರ ಉದ್ದೇಶ ಸ್ಪಷ್ಟ: ಹಣವಿಲ್ಲದವರು ಬಿಡ್ ಏರಿಸಿ ಹರಾಜು ಕೆಡಿಸಬಾರದು. ಸಾಲ ಬೇಕಿದ್ದವರು ಬಿಡ್‌ಗೆ ಮುಂಚೆಯೇ ಮಂಜೂರಾತಿ ಪತ್ರ ಪಡೆದು, ಹರಾಜಿನ ಆಸ್ತಿಗೆ ಸಾಲ ಕೊಡುತ್ತೀರಾ ಎಂದು ನೇರವಾಗಿ ಕೇಳಿರಬೇಕು.

ಹರಾಜಿನ ಹೊತ್ತಿನಲ್ಲಿ ಮಾಡಬೇಕಾದ್ದು ಕಡಿಮೆ. ಕೊನೆಯ ನಿಮಿಷಗಳಲ್ಲಿ ಹೊಸ ಬಿಡ್ ಬಿದ್ದರೆ ಸಮಯ ತಾನಾಗಿ ಮುಂದಕ್ಕೆ ಹೋಗುವಂತೆ ವ್ಯವಸ್ಥೆ ಇರುತ್ತದೆ. ಕೊನೆ ಕ್ಷಣದಲ್ಲಿ ಬಿಡ್ ಹಾಕಿ ಗೆಲ್ಲುವ ಲೆಕ್ಕಾಚಾರ ಅಲ್ಲಿ ಕೆಲಸಕ್ಕೆ ಬಾರದು. ಇಂಟರ್‌ನೆಟ್ ಕೈಕೊಟ್ಟರೆ ಬ್ಯಾಂಕು ಹೊಣೆಯಲ್ಲ ಎಂಬ ಷರತ್ತೂ ಇರುತ್ತದೆ. ತಮ್ಮ ಮಿತಿಯ ಮೊತ್ತವನ್ನು ಕಾಗದದಲ್ಲಿ ಬರೆದಿಟ್ಟು ಕೂರುವವರು, ಪೈಪೋಟಿಯ ಬಿಸಿಯಲ್ಲಿ ‘ಇನ್ನೊಂದು ಐವತ್ತು ಸಾವಿರ’ ಎನ್ನುತ್ತ ಏರುವುದನ್ನು ತಪ್ಪಿಸಿಕೊಳ್ಳುತ್ತಾರೆ.

ಬಿಡ್ ಗೆದ್ದ ಮೇಲೆ ಹಳೆಯ ಮಾಲೀಕರು ಹಣ ತಂದು ಆಸ್ತಿ ಬಿಡಿಸಿಕೊಳ್ಳಬಹುದೇ? 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬಿದ್ದ ಕೂಡಲೇ ಆ ಹಕ್ಕು ಮುಗಿಯುತ್ತದೆ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಹರಾಜು 105.05 ಕೋಟಿಗೆ ಆಗಿತ್ತು. ಸಾಲಗಾರರು 129 ಕೋಟಿ ಕೊಡುತ್ತೇವೆಂದರು, ಬಾಂಬೆ ಹೈಕೋರ್ಟ್ ಒಪ್ಪಿತು, ಹಣ ಹೆಚ್ಚು ಬರುತ್ತದೆಂದು ಬ್ಯಾಂಕೂ ತಕರಾರು ಎತ್ತಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿ ಹರಾಜು ಗೆದ್ದವರ ಪರ ನಿಂತಿತು. ಇ-ಹರಾಜಿನಲ್ಲಿ ಕೊಳ್ಳುವವರಿಗೆ ಈಚೆಗೆ ಸಿಕ್ಕ ದೊಡ್ಡ ರಕ್ಷಣೆ ಇದು.

ಜಗಳ ಬಂದರೆ ಎಲ್ಲಿಗೆ ಹೋಗಬೇಕೆಂಬುದರಲ್ಲೇ ಬಹಳ ಜನ ಕಾಲ ಕಳೆಯುತ್ತಾರೆ. ಸರ್ಫೇಸಿ ವಿಷಯಗಳಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ. ಗ್ರಾಹಕರ ಆಯೋಗದ ದಾರಿಯೂ ಕಿರಿದು: ಇದ್ದುದನ್ನು ಇದ್ದಂತೆ ಹರಾಜಿನಲ್ಲಿ ಕೊಂಡವರು ಗ್ರಾಹಕರಲ್ಲ ಎಂದು ಚಂಡೀಗಢದ ನಿವೇಶನಗಳ ಪ್ರಕರಣದಲ್ಲಿ 2009ರಲ್ಲಿ ತೀರ್ಪಾಗಿದೆ. ಠೇವಣಿ ಮುಟ್ಟುಗೋಲಾಯಿತೆಂದು ಹೈಕೋರ್ಟಿಗೆ ರಿಟ್ ಹಾಕಿದವರಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ತೋರಿಸಿದ ಜಾಗ ಸಾಲ ವಸೂಲಾತಿ ನ್ಯಾಯಮಂಡಳಿ, ಜನರ ಬಾಯಲ್ಲಿ ಡಿಆರ್‌ಟಿ. ಕರ್ನಾಟಕದ ಪ್ರಕರಣಗಳಿಗೆ ಅದು ಬೆಂಗಳೂರಿನಲ್ಲಿದೆ. ಬ್ಯಾಂಕಿನ ಕ್ರಮ ನಡೆದ 45 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಅದಕ್ಕೂ ಮೊದಲು ಅಧಿಕೃತ ಅಧಿಕಾರಿಗೆ, ಆಮೇಲೆ ಬ್ಯಾಂಕಿನ ವಲಯ ಕಚೇರಿಗೆ ಬರಹದಲ್ಲಿ ದೂರು ಕೊಡುವುದು ಲೇಸು. ಸ್ವಾಧೀನ ತಡವಾಗುವಂಥ ಅನೇಕ ತಕರಾರುಗಳು ಅಲ್ಲೇ ಬಗೆಹರಿಯುತ್ತವೆ. ಆದರೆ ಉತ್ತರ ಕಾಯುತ್ತ 45 ದಿನ ದಾಟಿಸಿಕೊಳ್ಳಬಾರದು. ಶಾಖೆಯಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಭರವಸೆಗೆ ನ್ಯಾಯಮಂಡಳಿಯಲ್ಲಿ ಕಿಮ್ಮತ್ತಿಲ್ಲವಾದ್ದರಿಂದ ಪ್ರತಿ ಮಾತುಕತೆಯನ್ನೂ ಅದೇ ದಿನ ಇಮೇಲ್‌ಗೆ ಇಳಿಸಬೇಕು. ಪ್ರಕಟಣೆಯ ಪತ್ರಿಕೆ ಪ್ರತಿ, ಬಿಡ್ ಪರದೆಯ ಚಿತ್ರ, ಹಣ ಕಟ್ಟಿದ ರಸೀದಿ, ದೃಢೀಕರಣ ಪತ್ರ ಒಂದೇ ಫೈಲಿನಲ್ಲಿರಲಿ.

ಸಾಲಗಾರರೇ ಡಿಆರ್‌ಟಿಗೆ ಹೋಗಿದ್ದರೆ ಹರಾಜು ಗೆದ್ದವರು ತಾವಾಗಿಯೇ ಆ ಪ್ರಕರಣದಲ್ಲಿ ಪ್ರತಿವಾದಿಯಾಗಿ ಸೇರಿಕೊಳ್ಳಬೇಕು. ಬ್ಯಾಂಕಿನ ವಕೀಲರು ಕಾಯುವುದು ಬ್ಯಾಂಕಿನ ಹಿತವನ್ನು. ತಡೆಯಾಜ್ಞೆ ಬಂದು ಮಾರಾಟ ನಿಂತರೆ, ಕಟ್ಟಿದ ಹಣವನ್ನು ಬಡ್ಡಿ ಬರುವ ಠೇವಣಿಯಲ್ಲಿ ಇರಿಸುವಂತೆ ಕೇಳುವುದಕ್ಕೂ, ಮಾರಾಟ ರದ್ದಾದರೆ ಬಡ್ಡಿ ಸಮೇತ ವಾಪಸ್ ಕೇಳುವುದಕ್ಕೂ ಆ ಪ್ರಕರಣದಲ್ಲಿ ತಮ್ಮ ಹೆಸರು ಇರಲೇಬೇಕು. ಡಿಆರ್‌ಟಿ ಆದೇಶ ಒಪ್ಪಿಗೆಯಾಗದವರಿಗೆ ಚೆನ್ನೈನಲ್ಲಿರುವ ಮೇಲ್ಮನವಿ ನ್ಯಾಯಮಂಡಳಿ ಇದೆ. ಆದೇಶದ ಪ್ರತಿ ಕೈಸೇರಿದ 30 ದಿನದೊಳಗೆ ಅಲ್ಲಿಗೆ ಮೇಲ್ಮನವಿ ಹೋಗಬೇಕು.