ಅಗಸಿ ಎಣ್ಣೆ ಒಣಗುವುದೇಕೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ವಿದ್ಯಾರ್ಥಿಗಳೇ, ರೊಟ್ಟಿಯ ಜೊತೆ ಅಗಸಿ ಹಿಂಡಿ ನಿಮಗೆ ಹೊಸದಲ್ಲ. ಆದರೆ ಅಗಸಿ ಎಣ್ಣೆಯ ಒಗ್ಗರಣೆ ಅಪರೂಪ. ಇದಕ್ಕೊಂದು ಕಾರಣ ಲಿನೋಲೆನಿಕ್ ಆಮ್ಲ. ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಇದು ಸುಮಾರು ಅರ್ಧದಷ್ಟಿರುತ್ತದೆ. ಇದರ ಅಣುವಿನಲ್ಲಿ ಮೂರು ದ್ವಿಬಂಧಗಳಿವೆ. ಅವುಗಳ ಬಳಿ ಗಾಳಿಯ ಆಮ್ಲಜನಕ ಸುಲಭವಾಗಿ ವರ್ತಿಸುತ್ತದೆ. ಶೀಶೆಯಲ್ಲಿಟ್ಟ ಎಣ್ಣೆ ಬೇಗ ಕಮಟುತ್ತದೆ. ಮರಕ್ಕೆ ತೆಳ್ಳಗೆ ಬಳಿದರೆ ಗಟ್ಟಿ ಪದರವಾಗುತ್ತದೆ. ಅಡುಗೆಗೆ ದೋಷವಾದದ್ದು ವಾರ್ನಿಷಿಗೆ ಗುಣ!

ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಟಿಎಲ್-99 ತಳಿಯಲ್ಲಿ ಈ ಆಮ್ಲ ಶೇ. 5ಕ್ಕಿಂತ ಕಡಿಮೆ. ಎಣ್ಣೆ ಅಡುಗೆಗೆ ಒಗ್ಗುತ್ತದೆ, ನಿಜ. ಆದರೆ ಅಗಸಿಯಲ್ಲಿ ಒಮೆಗಾ-3 ಎಂದು ಹೊಗಳುವುದು ಈ ಆಮ್ಲವನ್ನೇ. ಆದ್ದರಿಂದ ಹಿಂಗಾರಿಗೆ ಎರೆಹೊಲದಲ್ಲಿ ಅಗಸಿ ಬಿತ್ತುವವರು ಇಳುವರಿಯೊಂದನ್ನೇ ಕೇಳಿದರೆ ಸಾಲದು. ಕಾಳು ಕೊಳ್ಳುವವರು ಯಾರೆಂದೂ ವಿಚಾರಿಸಬೇಕು. ಬಣ್ಣದ ಕಾರ್ಖಾನೆಗೆ ಬೇಗ ಒಣಗದ ಎಣ್ಣೆ ಏತಕ್ಕೆ?