ನಾಲ್ಕು ಮೀಟರಿನ ಗಾಡಿಯೂ ನಮ್ಮ ಗುಡ್ಡೆಯ ದಾರಿಯೂ

ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಬದಿಯಡ್ಕ, ಪೆರ್ಲದ ಕಡೆಯ ಕೃಷಿಕರ ಮನೆಗಳಲ್ಲಿ ಒಂದು ಚರ್ಚೆ ಏಳುವುದು ವಾಡಿಕೆ. ಹಿಂದೆ ಅದು ಪಂಪುಸೆಟ್ಟಿನದಾಗಿತ್ತು, ಆಮೇಲೆ ಜೀಪಿನದಾಯಿತು. ಈಗ ಸಣ್ಣ ಎಸ್‌ಯುವಿ ಎಂದು ಕರೆಯುವ ಎತ್ತರದ ಕಾರಿನದು. ನಮ್ಮ ಅಂಗಳಕ್ಕೆ ಅಂಥದೊಂದು ಬಂದು ಐದು ವರ್ಷ ಸಂದುವು. ಹಾಗಾಗಿ ಶಾಲೆಯ ಜಗಲಿಯಲ್ಲಿ, ಸೊಸೈಟಿಯಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ ಕೂಡ “ಮಾಷ್ಟ್ರೇ, ಯಾವುದು ತೆಗೆದುಕೊಂಡರೆ ಆದೀತು?” ಎಂಬ ಪ್ರಶ್ನೆ ನಮಗೆ ತಪ್ಪಿದ್ದಲ್ಲ. ಇಂಥ ಕಂಪೆನಿಯದೇ ಒಳ್ಳೆಯದೆಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ನಾವೂ ನೆರೆಯ ಎರಡು ಮನೆಯವರೂ ಇಂಥ ಗಾಡಿಗಳನ್ನು ಸಾಕಿ ಕಲಿತದ್ದನ್ನು ವಾಚಕರ ಮುಂದಿಟ್ಟರೆ ಯಾರಿಗಾದರೂ ಉಪಯೋಗವಾದೀತೆಂದು ಈ ಲೇಖನ ಬರೆಯುತ್ತಿದ್ದೇವೆ.

ಮೊದಲು ಈ ಗಾಡಿ ಯಾಕೆ ಹುಟ್ಟಿತೆಂಬುದನ್ನು ತಿಳಿಯಬೇಕು. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರು ಉದ್ದ ಮೀರದ ಸಣ್ಣ ಕಾರುಗಳಿಗೆ ತೆರಿಗೆಯನ್ನು ಇಳಿಸಿದರು. ಪೆಟ್ರೋಲು ಎಂಜಿನ್ನಿಗೆ 1200 ಸಿ.ಸಿ., ಡೀಸೆಲಿಗೆ 1500 ಸಿ.ಸಿ. ಎಂಬ ಮಿತಿಯೂ ಇತ್ತು. ಆ ಅಳತೆಯೊಳಗೇ ಜೀಪಿನ ಗತ್ತು ತೋರಿಸಬೇಕೆಂಬ ಯೋಚನೆಯಿಂದ 2013ರಲ್ಲಿ ಇಕೋಸ್ಪೋರ್ಟ್, 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ ಹೀಗೆ ಒಂದರ ಹಿಂದೊಂದು ಬಂದವು. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯ ಗಾಡಿಗಳಿಗೆ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿಯಿತು. ಉದ್ದ ನಾಲ್ಕು ಮೀಟರಿನೊಳಗಿದ್ದರೂ ಎಂಜಿನ್ ಮಿತಿ ಮೀರಿದರೆ ತೆರಿಗೆ ಶೇಕಡಾ 40 ಎಂಬುದನ್ನು ಕೊಳ್ಳುವವರು ಮರೆಯಬಾರದು.

ಗುಣವನ್ನು ಮೊದಲು ಹೇಳೋಣ. ಇವುಗಳ ಹೊಟ್ಟೆಗೂ ನೆಲಕ್ಕೂ ಸುಮಾರು 190ರಿಂದ 210 ಮಿಲಿಮೀಟರು ಅಂತರವಿರುತ್ತದೆ. ನಮ್ಮ ಹಳೆಯ ಕಾರು ಮುರಕಲ್ಲಿನ ಮೆಟ್ಟಿಲಿನಂಥ ದಾರಿಯಲ್ಲಿ ಹೊಟ್ಟೆ ಉಜ್ಜಿಕೊಂಡೇ ಬರುತ್ತಿತ್ತು. ಇದಕ್ಕೆ ಆ ತೊಂದರೆಯಿಲ್ಲ. ಗಂಟುನೋವಿನ ಅಮ್ಮ ಹಳೆಯ ಕಾರಿನಲ್ಲಿ ಹೊಂಡಕ್ಕೆ ಇಳಿದಂತೆ ಕುಳಿತು, ಏಳುವಾಗ ಇಬ್ಬರ ಕೈ ಹಿಡಿಯಬೇಕಾಗಿತ್ತು. ಇದರ ಸೀಟು ಕುರ್ಚಿಯ ಎತ್ತರದಲ್ಲಿರುವುದರಿಂದ ತಿರುಗಿ ಕುಳಿತರಾಯಿತು. ಮುದುಕರಿರುವ ಮನೆಗೆ ಇದೊಂದೇ ಗುಣ ಸಾಕೆಂದು ನಮಗೆ ಅನೇಕ ಸಲ ಅನಿಸಿದೆ.

ಆದರೆ ಎತ್ತರವೊಂದು, ಏರುವ ಶಕ್ತಿಯೊಂದು. ಇದನ್ನು ನಾವು ಕಲಿತದ್ದು 2022ರ ಆಟಿಯ ಒಂದು ರಾತ್ರಿ. ಅಪ್ಪನಿಗೆ ಎರಡು ಗಂಟೆಯ ಹೊತ್ತಿಗೆ ಉಸಿರು ಕಟ್ಟತೊಡಗಿತು. ಮಂಗಳೂರಿಗೆ ಕರೆದೊಯ್ಯಬೇಕು. ಅಂಗಳದಿಂದ ಪಂಚಾಯತು ರಸ್ತೆಗೆ ಹತ್ತಲು ನಮ್ಮದು ಕಡಿದಾದ ಚಡವು, ಅದರ ಮೇಲೆ ಪಾಚಿ, ಮೇಲಿನಿಂದ ಜಡಿಮಳೆ. ಅರ್ಧಕ್ಕೆ ಬರುವಾಗ ಮುಂದಿನ ಚಕ್ರಗಳು ನಿಂತಲ್ಲೇ ತಿರುಗಿದವು. ಗಾಡಿ ಹಿಂದಕ್ಕೆ ಜಾರಿತು. ಮೂರು ಸಲ ಹಾಗೆಯೇ ಆಯಿತು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಅಪ್ಪ. ಆಗ ನಮ್ಮ ಮನೆಯವಳು, “ಹಿಂದೆ ಅಡಿಕೆಯ ಗೋಣಿ ಉಂಟಲ್ಲ, ಇಳಿಸಿ ನೋಡುವ” ಎಂದಳು. ಸೊಸೈಟಿಗೆಂದು ಹಿಂದಿನ ದಿನ ತುಂಬಿದ ನಾಲ್ಕು ಗೋಣಿಗಳು ಅಲ್ಲೇ ಇದ್ದುದನ್ನು ನಾವು ಮರೆತಿದ್ದೆವು. ಮಳೆಯಲ್ಲೇ ಇಳಿಸಿದೆವು; ಖಾಲಿ ಗೋಣಿಚೀಲಗಳನ್ನು ಚಕ್ರದ ಅಡಿಗೆ ಹಾಸಿದೆವು. ಗಾಡಿ ಏರಿತು. ಆಸ್ಪತ್ರೆಯಲ್ಲಿ ಆರು ದಿನವಿದ್ದು ಅಪ್ಪ ಮನೆಗೆ ಬಂದರು. ನೆನೆದ ಅಡಿಕೆ ಕಪ್ಪಾಗಿ ಬೆಲೆ ಬರಲಿಲ್ಲ. ಅದಕ್ಕಾಗಿ ಯಾರೂ ಮರುಗಲಿಲ್ಲ. ಆದರೆ ಆ ಅರ್ಧ ಗಂಟೆ ಇಂದಿಗೂ ನಮ್ಮ ನಿದ್ದೆಯಲ್ಲಿ ಬರುತ್ತದೆ.

ಇದಕ್ಕೆ ಕಾರಣ ಸರಳ. ಈ ಗಾತ್ರದ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ. ಹಿಂದೆ ಮೂಟೆಯೂ ಇದ್ದರೆ ಎಳೆಯಬೇಕಾದ ಚಕ್ರಗಳೇ ಹಗುರಾಗುತ್ತವೆ. ಎತ್ತಿನ ಗಾಡಿಯ ಹಿಂಭಾಗಕ್ಕೆ ಹೊರೆ ಹೆಚ್ಚಾದರೆ ನೊಗ ಮೇಲಕ್ಕೇಳುವುದನ್ನು ಹಿರಿಯರು ಬಲ್ಲರು. ಇಲ್ಲಿಯೂ ಅದೇ ಲೆಕ್ಕ. ಹಿಂದಿನ ಚಕ್ರಕ್ಕೆ ಬಲ ಕೊಡುವ ಬೊಲೆರೋದಂಥ ಗಾಡಿ ಮೂಟೆ ಹೊತ್ತು ಏರುವುದೂ ಇದೇ ಕಾರಣದಿಂದ. ನೋಟ ಜೀಪಿನದಾದರೂ ನಮ್ಮ ಗಾಡಿಯ ಕಾಲು ಕಾರಿನದು. ಮರುವರ್ಷ ಬೇಸಗೆಯಲ್ಲಿ ಚಡವಿಗೆ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿ, ಮೇಲ್ಮೈಯನ್ನು ನಯಮಾಡದೆ ಗೀರು ಬಿಡಿಸಿದೆವು. ಆ ಖರ್ಚನ್ನು ಗಾಡಿ ಕೊಳ್ಳುವ ದಿನವೇ ಲೆಕ್ಕಕ್ಕೆ ಸೇರಿಸಬೇಕಾಗಿತ್ತು.

ಹೊರೆಯ ವಿಷಯದಲ್ಲಿ ಇನ್ನೊಂದು ಮಾತು. ಇಂಥ ಗಾಡಿ ಹೊರಬಹುದಾದ ತೂಕ, ಜನರನ್ನೂ ಸೇರಿಸಿ, ಸಾಮಾನ್ಯವಾಗಿ 400 ಕಿಲೋದ ಆಸುಪಾಸು. ಐದು ಮಂದಿ ಕುಳಿತರೆ 300 ಕಿಲೋ ದಾಟುತ್ತದೆ. ಉಳಿದದ್ದು ಒಂದು ಗೋಣಿಯ ಜಾಗ. ಗೊಬ್ಬರಕ್ಕೂ ಅಡಿಕೆಗೂ ಬಾಡಿಗೆಯ ಪಿಕಪ್ಪು ಕರೆಯುವುದೇ ಲಾಭವೆಂದು ಈಗ ನಮಗೆ ಮನವರಿಕೆಯಾಗಿದೆ.

ನೆರೆಯ ಅಣ್ಣ ಒಬ್ಬರು 2021ರಲ್ಲಿ ಡೀಸೆಲ್ ಗಾಡಿ ತಂದರು. ಡೀಸೆಲಿನಲ್ಲಿ ದೂರ ಓಡುತ್ತದೆಂಬುದು ಅವರ ಲೆಕ್ಕ; ಅದು ಸುಳ್ಳಲ್ಲ. ಆದರೆ ಅವರ ಓಡಾಟವೆಲ್ಲ ಸೊಸೈಟಿ, ದೇವಸ್ಥಾನ, ಮಗಳ ಶಾಲೆ ಎಂದು ಮೂರು ನಾಲ್ಕು ಕಿಲೋಮೀಟರಿನೊಳಗೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಸೋಸುವ ಡಬ್ಬಿಯೊಂದಿದೆ, ಡಿಪಿಎಫ್ ಎನ್ನುತ್ತಾರೆ. ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿ ಅದು ಚೆನ್ನಾಗಿ ಬಿಸಿಯಾದರೆ ಮಾತ್ರ ಒಳಗಿನ ಮಸಿ ಸುಟ್ಟುಹೋಗುತ್ತದೆ. ನಾಲ್ಕು ಕಿಲೋಮೀಟರು ಓಡಿ ನಿಂತರೆ ಮಸಿ ಕಟ್ಟುತ್ತಲೇ ಹೋಗುತ್ತದೆ. ಎಚ್ಚರಿಕೆಯ ದೀಪ ಹತ್ತಿದಾಗ ಅವರು “ಏನೋ ಒಂದು ಲೈಟು” ಎಂದು ಬಿಟ್ಟರು. ಕೊನೆಗೆ ಗಾಡಿ ಎಳೆಯದಾಯಿತು. ರಿಪೇರಿಗೆ ಒಂದು ವರ್ಷದ ಮದ್ದು ಸಿಂಪಡಣೆಯ ಖರ್ಚಿನಷ್ಟು ಹೋಯಿತು. ಈಗ ದೀಪ ಕಂಡ ಕೂಡಲೇ ತಲಪಾಡಿಯವರೆಗೆ ಹೆದ್ದಾರಿಯಲ್ಲಿ ಹೋಗಿ ಬರುತ್ತಾರೆ. ನಿತ್ಯ ಮಂಗಳೂರಿಗೆ ಹೋಗುವವರಿಗೆ ಡೀಸೆಲು ಸರಿ. ಊರೊಳಗೇ ತಿರುಗುವವರಿಗೆ ಪೆಟ್ರೋಲೇ ಲೇಸು.

ಮೂರನೆಯದು ತೋಟದಾಚೆಯ ಅಕ್ಕನ ಮನೆಯದು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಸಮಯದಲ್ಲಿ ಅವರ ಮಗ ಮೈಲುತುತ್ತಿನ ದ್ರಾವಣದ ಡಬ್ಬಿಯನ್ನು ಗಾಡಿಯ ಹಿಂದೆ ಇಟ್ಟು ಒಯ್ದ. ಮುಚ್ಚಳ ಸಡಿಲಿತ್ತು. ಮ್ಯಾಟಿನ ಅಡಿಗೆ ಹರಿದದ್ದು ಯಾರಿಗೂ ತಿಳಿಯಲಿಲ್ಲ. ಮಳೆಗಾಲ ಕಳೆದು ಮ್ಯಾಟು ಎತ್ತಿದಾಗ ಬೋಲ್ಟುಗಳೂ ತಗಡೂ ತಿಂದುಹೋಗಿದ್ದವು. ಮೈಲುತುತ್ತಿನ ನೀರಿನಲ್ಲಿ ಕಬ್ಬಿಣದ ಮೊಳೆ ಹಾಕಿದರೆ ಅದರ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ ಎಂದು ನಾವು ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷ ವರ್ಷವೂ ತೋರಿಸುತ್ತೇವೆ. ಆ ಹುಡುಗನೂ ನಮ್ಮ ಶಿಷ್ಯನೇ. ಪಾಠ ತರಗತಿಯಲ್ಲೇ ಉಳಿಯಿತು! ಅದೇ ಮನೆಯಲ್ಲಿ ಇಲಿ ವಯರು ಕಡಿದು ಎರಡು ಸಲ ಗಾಡಿ ನಿಂತದ್ದೂ ಉಂಟು. ಅಡಿಕೆ ರಾಶಿಯ ಪಕ್ಕದಲ್ಲಿ ಗಾಡಿ ನಿಲ್ಲಿಸದಿರುವುದೂ ವಾರಕ್ಕೊಮ್ಮೆ ಬಾನೆಟ್ಟು ಎತ್ತಿ ನೋಡುವುದೂ ಇದಕ್ಕೆ ಮದ್ದು.

ಖರ್ಚಿನ ಪುಸ್ತಕವೊಂದನ್ನು ನಾವು ಮೊದಲ ದಿನದಿಂದ ಇಟ್ಟಿದ್ದೇವೆ. ಐದು ವರ್ಷಕ್ಕೆ ಓಡಿದ್ದು 41,000 ಕಿಲೋಮೀಟರು. ಅಂಗಡಿಯವರು ಲೀಟರಿಗೆ 17 ಎಂದದ್ದು ನಮ್ಮ ಗುಡ್ಡೆಯ ದಾರಿಯಲ್ಲಿ 13ಕ್ಕೆ ನಿಂತಿತು. ಪೆಟ್ರೋಲಿಗೆ ಶೇಕಡಾ 20 ಎಥನಾಲು ಬೆರೆಸುವುದರಿಂದಲೂ ಸ್ವಲ್ಪ ಇಳಿಯುತ್ತದೆ. ಎಥನಾಲಿಗೆ ಪೆಟ್ರೋಲಿನಷ್ಟು ಕಾವಿಲ್ಲ. ಸಾಲದ ಕಂತು, ವಿಮೆ, ಟಯರು ಇವು ಓಡದ ದಿನವೂ ನಿಲ್ಲುವುದಿಲ್ಲ. ಕೊಟ್ಟಿಗೆಯಲ್ಲಿ ನಿಂತ ಎತ್ತೂ ಹುಲ್ಲು ತಿನ್ನುತ್ತದಷ್ಟೆ. ಅಡಿಕೆಯ ಧಾರಣೆ ಏರಿದ ವರ್ಷದ ಉತ್ಸಾಹದಲ್ಲಿ ಸಾಲ ಮಾಡಿ, ಇಳಿದ ವರ್ಷ ಕಂತು ಕಟ್ಟುವ ಸಂಕಟ ಯಾರಿಗೂ ಬೇಡ.

ಗಡಿಯವರಾದ ನಮಗೆ ಇನ್ನೊಂದು ಎಚ್ಚರಿಕೆ. ಮಂಗಳೂರಿನ ನೆಂಟರ ವಿಳಾಸದಲ್ಲಿ ಕರ್ನಾಟಕದ ನಂಬರು ಮಾಡಿಸಿ ಇಲ್ಲಿ ಇಟ್ಟುಕೊಳ್ಳುವ ಯೋಚನೆ ಕೆಲವರಿಗಿದೆ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದರಲ್ಲಿ 12 ತಿಂಗಳು ಮೀರಿ ಇಟ್ಟರೆ ಹೊಸದಾಗಿ ನಂಬರು ಮಾಡಿಸಬೇಕೆಂಬುದು ಮೋಟಾರು ವಾಹನ ಕಾಯಿದೆ. ತೆರಿಗೆಯ ತಕರಾರು ಬೇರೆ. ಮನೆ ಎಲ್ಲಿಯೋ ನಂಬರೂ ಅಲ್ಲಿಯದೇ ಇರಲಿ.

ಸುರಕ್ಷತೆಗೆ ನಕ್ಷತ್ರ ಕೊಡುವ ಭಾರತ್ ಎನ್‌ಸಿಎಪಿ ಪರೀಕ್ಷೆ 2023ರ ಅಕ್ಟೋಬರಿನಲ್ಲಿ ಮೊದಲಾಗಿದೆ. ಕೊಳ್ಳುವಾಗ ಅದನ್ನು ನೋಡಿರಿ. ಆದರೆ ಐದು ನಕ್ಷತ್ರದ ಗಾಡಿಯಲ್ಲಿಯೂ ಬೆಲ್ಟು ಹಾಕದೆ ಎಂಟು ಮಂದಿ ತುರುಕಿ ಕುಳಿತರೆ ನಕ್ಷತ್ರ ಕಾಯುವುದಿಲ್ಲ.

ಒಟ್ಟಿನಲ್ಲಿ ಈ ಗಾಡಿ ಮನೆಮಂದಿಯ ಗಾಡಿ, ತೋಟದ ಗಾಡಿಯಲ್ಲ. ಹಾಗೆ ತಿಳಿದು ಸಾಕಿದರೆ ಒಳ್ಳೆಯ ಸೇವೆ ಮಾಡುತ್ತದೆ. ಮೊನ್ನೆ ಆ ಪ್ರಶ್ನೆಯನ್ನೇ ಹೊತ್ತು ಒಬ್ಬರು ಮನೆಗೆ ಬಂದಿದ್ದರು. ನಾವು ಬಾಯಿ ತೆರೆಯುವ ಮೊದಲೇ ಜಗಲಿಯಲ್ಲಿದ್ದ ಅಪ್ಪ ಹೇಳಿದರು: “ಅಂಗಡಿಯವನು ಓಡಿಸಿ ನೋಡಲು ಕೊಡುತ್ತಾನಲ್ಲ, ಪೇಟೆಯ ರಸ್ತೆಯಲ್ಲಿ ಬೇಡ. ಮಳೆಗಾಲದಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿ ನಿನ್ನ ಚಡವಿನಲ್ಲಿ ಹತ್ತಿಸಿ ನೋಡು. ಹತ್ತಿದರೆ ಕೊಳ್ಳು. ಹತ್ತದಿದ್ದರೆ ಮೊದಲು ದಾರಿ ಮಾಡಿಸು.”